ನಾಲ್ಕನೆಯ ಡಬ್ಬಿಯ ಲಾಡಿ

ಕಂತು ಆರು

ಐವತ್ತು ಅಡಿ ಫಿಲ್ಮು ಇರಬೇಕಾದ ಡಬ್ಬಿಯಲ್ಲಿ ಐವತ್ತು ಅಡಿ ಲಾಡಿ ಇತ್ತು.

ಲಂಗಕ್ಕೆ ಏರಿಸುವ ಬಿಳಿ ನೂಲಿನ ಲಾಡಿ. ಗಾದಿಲಿಂಗಪ್ಪ ಅದನ್ನು ರೀಲಿನಿಂದ ಬಿಚ್ಚಿ, ಮೊಣಕೈಯಿಂದ ನಡುಬೆರಳ ತುದಿಯವರೆಗೆ ಮೊಳ ಹಾಕಿ ಅಳೆಯುತ್ತ ಕೂತಿದ್ದ. ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು. ಅಲ್ಲಿಗೆ ಮುಗಿಯಿತು.

“ಅಪ್ಪಾ, ಸಂತ್ಯಾಗ ಲಾಡಿ ಮಾರಾಕ ಕುಂದರೂ ವಿಚಾರ ಐತೇನು?”

ಬಾಗಿಲಲ್ಲಿ ಮಗಳು ರಮಾ ಬುತ್ತಿ ಹಿಡಿದು ನಿಂತಿದ್ದಳು. ಕೊಟ್ಟೂರಿನ ಟೆಲಿಫೋನ್ ಕಚೇರಿಯಲ್ಲಿ ಅವಳ ನೌಕರಿ. ದಿನಾ ಕಚೇರಿಗೆ ಹೋಗುವ ದಾರಿಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ಬಂದು, ಅಪ್ಪನ ರಿಪೇರಿ ಅಂಗಡಿಗೆ ಬುತ್ತಿ ಕೊಟ್ಟು ಹೋಗುವುದು ರೂಢಿ.

“ತಗೊಂಡೋರು ಅಳತಿ ಮಾಡಿ ಇಟ್ಟಾರವಾ. ಫಿಲ್ಮು ಎಷ್ಟಿತ್ತೋ ಲಾಡಿನೂ ಅಷ್ಟಾ.”

“ನಿಯತ್ತಿನ ಕಳ್ಳ ಬಿಡು.”

ಗಾದಿಲಿಂಗಪ್ಪನಿಗೆ ನಗು ಬಂತು. ಎರಡು ದಿನದಿಂದ ಬಾರದೇ ಇದ್ದ ನಗು.

ಹರಪನಹಳ್ಳಿಯ ಶೇಂಗಾ ಎಣ್ಣೆ ಮಿಲ್ಲಿನ ಸೋಮಶೇಖರ್, ತೀರಿಹೋದ ತಂದೆ ಪಂಚಾಕ್ಷರಪ್ಪನವರ ಸಿನಿಮಾ ಕ್ಯಾಮೆರಾ, ಪ್ರೊಜೆಕ್ಟರು ಮತ್ತು ಏಳು ರೀಲುಗಳನ್ನು ರಿಪೇರಿಗೆಂದು ತಂದುಕೊಟ್ಟು ತಿಂಗಳಾಗಿತ್ತು. ಆ ಏಳರಲ್ಲಿ ನಾಲ್ಕನೆಯದು ಮಾಯವಾಗಿದ್ದು ಮೊನ್ನೆ ಗೊತ್ತಾಗಿತ್ತು. ಸೋಮವಾರ ಪಂಚಾಕ್ಷರಪ್ಪನವರ ಹತ್ತನೇ ವರ್ಷದ ಪುಣ್ಯಸ್ಮರಣೆ. ಬಂಧುಬಳಗವೆಲ್ಲ ಕೂತು ರೀಲು ನೋಡುವವರಿದ್ದರು. ಅಷ್ಟರಲ್ಲಿ ನಾಲ್ಕನೆಯದು ಬರದಿದ್ದರೆ ಪೊಲೀಸ್ ಕಂಪ್ಲೇಂಟು ಎಂದು ಸೋಮಶೇಖರ್ ಫೋನಿನಲ್ಲಿ ಹೇಳಿಬಿಟ್ಟಿದ್ದ.

ಗಾದಿಲಿಂಗಪ್ಪ ಮೂವತ್ತೊಂದು ವರ್ಷ ಸರ್ಕಾರದ ಪ್ರಚಾರದ ವ್ಯಾನಿನಲ್ಲಿ ಆಪರೇಟರ್ ಆಗಿದ್ದವನು. ಅತ್ತ ತೆಲಿಗಿ, ನೀಲಗುಂದ, ಇತ್ತ ಕೂಡ್ಲಿಗಿಯ ಕಡೆಯ ಹಟ್ಟಿಗಳು, ಎಲ್ಲ ಕಡೆ ಬಿಳಿ ಪರದೆ ಕಟ್ಟಿ ಗೊಬ್ಬರದ್ದು, ಚುಚ್ಚುಮದ್ದಿನದು, ಸಣ್ಣ ಸಂಸಾರದ್ದು ಸಿನಿಮಾ ತೋರಿಸಿದವನು. ಅಷ್ಟು ವರ್ಷದಲ್ಲಿ ಒಂದು ಅಡಿ ಫಿಲ್ಮು ಕಳೆದಿರಲಿಲ್ಲ, ಒಂದು ಚಿತ್ರ ಸುಟ್ಟಿರಲಿಲ್ಲ. ನಿವೃತ್ತಿಯ ದಿನ ಸಾಹೇಬರು ಶಾಲು ಹೊದಿಸಿ ಆಡಿದ್ದು ಅದೊಂದೇ ಮಾತು. ಅವನ ಗಳಿಕೆಯೂ ಅದೊಂದೇ.

ಈಗ ಎದುರಿನ ಚಹಾದಂಗಡಿಯಲ್ಲಿ, ‘ಸಿನಿಮಾ ಗಾದಿಲಿಂಗಪ್ಪ ಸಾವ್ಕಾರ್ರ ರೀಲು ನುಂಗ್ಯಾನಂತ’ ಎಂದು ಆಡಿಕೊಳ್ಳುತ್ತಿದ್ದರು.

“ಕಂಪ್ಲೇಂಟು ಯಾವ ಠಾಣಿಗೆ ಕೊಡ್ತಾರ?” ರಮಾ ಸ್ಟೂಲಿನ ಮೇಲೆ ಕೂತಳು. “ಡಬ್ಬಿ ಹರಪನಹಳ್ಳಿದು, ಅಂಗಡಿ ಕೊಟ್ಟೂರಾಗ. ಹೋದ ವರ್ಷ ಅವರು ದಾವಣಗೆರಿ ಜಿಲ್ಲಾಕ್ಕ ಹೋದ್ರು, ನಾವು ಬಳ್ಳಾರ್ಯಾಗಾ ಉಳದ್ವಿ. ಎರಡು ಜಿಲ್ಲಿ ಪೊಲೀಸರು ಲಾಡಿ ಆ ಕಡಿಗೊಂದು ತುದಿ ಈ ಕಡಿಗೊಂದು ತುದಿ ಹಿಡದು ಜಗ್ಗತಾರ.”

“ನಗಬ್ಯಾಡವಾ. ನೋಡಿಲ್ಲಿ.”

ಅವನು ಖಾಲಿ ರೀಲನ್ನು ಅವಳ ಮುಂದೆ ಹಿಡಿದ. ರೀಲಿನ ನಡುಗಟ್ಟಿನಲ್ಲಿ ಸಣ್ಣದೊಂದು ಸೀಳು ಇತ್ತು. ಫಿಲ್ಮಿನ ತುದಿಯನ್ನು ಅದರೊಳಗೆ ಸೇರಿಸಿ ಸುತ್ತಬೇಕು, ಇಲ್ಲದಿದ್ದರೆ ಜಾರುತ್ತದೆ. ಲಾಡಿಯ ತುದಿಯನ್ನೂ ಆ ಸೀಳಿಗೇ ಸೇರಿಸಿದ್ದರು.

“ಇದು ಗೊತ್ತಿಲ್ಲದವರ ಕೆಲಸ ಅಲ್ಲ. ರೀಲು ಸುತ್ತೂದನ್ನ ನೋಡಿದವರಾ ಮಾಡ್ಯಾರ.”

ರಮಾ ಲಾಡಿಯನ್ನು ಮೂಗಿಗೆ ಹಿಡಿದಳು. “ಡಾಂಬರ ಗುಳಿಗಿ ವಾಸನಿ. ಸೀರಿ ಟ್ರಂಕಿನ್ಯಾಗ ಇದ್ದದ್ದು. ಅಪ್ಪಾ, ಇದು ಗಂಡಸರ ಕೆಲಸ ಅಲ್ಲ.”

“ಹೆಂಗಂತಿ?”

“ಗಂಡಸರಾಗಿದ್ರ ಹಳೇ ಪೇಪರ್ ತುರುಕಿ ಮುಚ್ಚತಿದ್ರು. ಮನ್ಯಾಗ ಲಾಡಿ ಎಲ್ಲಿ ಇರ್ತೈತಿ ಅಂತ ಯಾವ ಗಂಡಸಿಗೆ ಗೊತ್ತೈತಿ? ನಿನಗ ಗೊತ್ತೇನು?”

ಗಾದಿಲಿಂಗಪ್ಪನಿಗೆ ಗೊತ್ತಿರಲಿಲ್ಲ.

ಅವನು ಡ್ರಾಯರಿನಿಂದ ಒಂದು ಕಾಗದದ ಪೊಟ್ಟಣ ತೆಗೆದ. ಕ್ಯಾಮೆರಾ ಬಿಚ್ಚಿದ ದಿನದ ತಾರೀಖು ಅದರ ಮೇಲಿತ್ತು. ಯಾವ ಯಂತ್ರದಿಂದ ಏನು ಉದುರಿದರೂ ಹಾಗೆ ಪೊಟ್ಟಣ ಕಟ್ಟಿಡುವುದು ಅವನ ಪದ್ಧತಿ. ಮುರಿದ ಮೊಳೆಯಾಗಲಿ, ಸತ್ತ ಜೇಡವಾಗಲಿ.

“ಕ್ಯಾಮೆರಾದಾಗ ಕಣ್ಣಿಟ್ಟು ನೋಡೂ ಜಾಗಾ ಐತಲ್ಲ, ಅದರ ಅಂಚಿಗೆ ಕರೇ ಬಳಿ ಇತ್ತು. ಬೂಸ್ಟು ಅಂದ್ಕೊಂಡೆ. ಸ್ಪಿರಿಟ್ ಹಾಕಿದ್ರ ಜಪ್ಪಯ್ಯ ಅನ್ನಲಿಲ್ಲ. ಒಂದು ಹನಿ ಎಣ್ಣಿ ಮುಟ್ಟಿಸಿದೆ, ಸರಕ್ ಅಂತ ಬಂತು.”

ಪೊಟ್ಟಣದಲ್ಲಿ ಕಪ್ಪಾದ ಅರಳೆಯ ಉಂಡೆಯಿತ್ತು. ರಮಾ ಅದನ್ನು ಬೆರಳಿಗೆ ತಿಕ್ಕಿದಳು, ಮೂಸಿದಳು, ಅಪ್ಪನ ಮುಖ ನೋಡಿದಳು.

“ಹರಳೆಣ್ಣಿ. ಅಪ್ಪಾ, ಇದು ಕಾಡಿಗಿ. ಮನ್ಯಾಗ ದೀಪದ ಮ್ಯಾಲೆ ತಾಟು ಹಿಡದು ಮಾಡಿದ್ದು.”

“ಕ್ಯಾಮೆರಾ ಯಜಮಾನ್ರನ್ನ ಬಿಟ್ಟು ಯಾರೂ ಮುಟ್ಟಿಲ್ಲ ಅಂತ ಆ ಮನಿ ಮಂದಿ ಎಲ್ಲಾ ಆಣಿ ಮಾಡಿ ಹೇಳ್ಯಾರ.”

“ಪಂಚಾಕ್ಷರಪ್ಪನೋರು ಕಾಡಿಗಿ ಹಚ್ಚತಿದ್ರೇನು?”

“ಸೋಮಶೇಖರನ ಹೆಂಡ್ತಿ ಇರಬಹುದಾ?”

“ಆಕಿ ಲಗ್ನ ಆಗಿ ಬಂದು ಹತ್ತು ಹನ್ನೆರಡು ವರ್ಷ. ಕ್ಯಾಮೆರಾದ ಸ್ಪ್ರಿಂಗು ತುಂಡಾಗಿ ಎಷ್ಟಾತು?”

“ಇಪ್ಪತ್ತರ ಮ್ಯಾಲೆ. ಸತ್ತ ಕ್ಯಾಮೆರಾಕ್ಕ ಯಾರು ಕಣ್ಣಿಡ್ತಾರ?”

ಇಬ್ಬರೂ ಒಂದೇ ಹೆಸರನ್ನು ಯೋಚಿಸಿದರು. ಇಬ್ಬರೂ ಆಡಲಿಲ್ಲ. ಆಡುವ ಹೆಸರಾಗಿರಲಿಲ್ಲ ಅದು.

ಅಷ್ಟರಲ್ಲಿ ಅಂಗಡಿಯ ತುಂಬ ಮಲ್ಲಿಗೆಯ ಘಮ ಹಬ್ಬಿತು. ಹೂವಿನಹಡಗಲಿಯ ಫೋಟೋ ಸ್ಟುಡಿಯೋದ ಗವಿಸಿದ್ದೇಶ್ ಬಂದ ಎಂದು ತಲೆಯೆತ್ತದೆಯೇ ಗೊತ್ತಾಯಿತು. ಏನಾದರೂ ಕೆಲಸ ಆಗಬೇಕಿದ್ದರೆ ಅವನು ಎಲೆಯಲ್ಲಿ ಕಟ್ಟಿದ ಹೂವು ಹಿಡಿದೇ ಬರುವವನು. ಆ ಏಳೂ ರೀಲುಗಳನ್ನು ವಿಡಿಯೋ ಕ್ಯಾಸೆಟ್ಟಿಗೆ ಇಳಿಸಿಕೊಡುತ್ತೇನೆಂದು ಸೋಮಶೇಖರನ ಬೆನ್ನು ಹತ್ತಿದ್ದವನು. ಎರಡು ದಿನದಿಂದ ಗಾದಿಲಿಂಗಪ್ಪನ ಅನುಮಾನ ಪೂರಾ ಇವನ ಮೇಲಿತ್ತು.

“ರಮಕ್ಕ, ಹೂ ತಗೋರಿ. ಅಣ್ಣಾರ, ನಿಮ್ಮ ಅನುಮಾನ ನನ್ನ ಮ್ಯಾಲೆ ಐತಂತ, ಹೌದೇನ್ರಿ?”

“ಹೌದು.”

ಇಷ್ಟು ನೇರ ಉತ್ತರವನ್ನು ಗವಿಸಿದ್ದೇಶ್ ನಿರೀಕ್ಷಿಸಿರಲಿಲ್ಲ. ಕರ್ಚೀಫು ತೆಗೆದು ಮುಖ ಒರೆಸಿಕೊಂಡ.

“ಏಳೂ ರೀಲು ನೋಡೀನಿ, ಎಲ್ಲಾ ಚೊಕ್ಕ ಅದಾವು ಅಂತ ನೀನಾ ಹೇಳಿದ್ದಿ ಸೋಮಶೇಖರಗ. ನಾಲ್ಕನೇದು ನೋಡಿದ ಕೊನೀ ಮನಷ್ಯಾ ನೀನು.”

“ಸುಳ್ಳು ಹೇಳಿದ್ದೆರಿ.”

“ಯಾವುದು?”

“ನೋಡೀನಿ ಅಂದದ್ದು.” ಅವನ ದನಿ ಇಳಿಯಿತು. “ಈ ಹಳೇ ಮಿಶನ್ನಿಗೆ ಫಿಲ್ಮು ಹೆಂಗ ಏರಸಬೇಕು ಅನ್ನೂದಾ ನನಗ ಬರಂಗಿಲ್ರಿ. ಅದನ್ನ ಹೆಂಗ ಹೇಳಲಿ? ಹಡಗಲ್ಯಾಗ ಕಲರ್ ಲ್ಯಾಬ್ ಅಂತ ಬೋರ್ಡ್ ಹಾಕೀನಿ. ಎರಡು ತಿಂಗಳ ಹಿಂದ ಹೋದಾಗ ಸೋಮಶೇಖರಪ್ಪಾರ ತಾಯಾರು, ದೊಡ್ಡಮ್ಮಾರು, ಆರು ಡಬ್ಬಿ ತಂದಿಟ್ರು. ನಾಲ್ಕನೇದು ಎಲ್ರಿ ಅಂದ್ರ, ಅದು ಕೆಟ್ಟೈತಿ, ಅದರ ಸುದ್ದಿ ತಗೀಬ್ಯಾಡ ಅಂದ್ರು. ಟ್ರಂಕು ಮುಚ್ಚಿ ಅದರ ಮ್ಯಾಲೆ ಕುಂತಬಿಟ್ರು.”

“ಟ್ರಂಕಿನ ಮ್ಯಾಲೆ?”

“ಟ್ರಂಕಿನ ಮ್ಯಾಲೆ. ನಾ ಹೊರಗ ಹೋಗೂತನಾ ಏಳಲಿಲ್ಲ.”

ರಮಾ ಮಲ್ಲಿಗೆಯನ್ನು ಮುಡಿದುಕೊಂಡು ಕಚೇರಿಗೆ ಹೊರಟಳು. ಹೊರಡುವಾಗ ಅಪ್ಪನ ಕಿವಿಯಲ್ಲಿ ಹೇಳಿದಳು: “ಬೈಯಾಕ ಹೋಗಬ್ಯಾಡ. ಕೇಳಾಕ ಹೋಗು.”

*

ಗಾದಿಲಿಂಗಪ್ಪ ಪ್ರೊಜೆಕ್ಟರನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹರಪನಹಳ್ಳಿಯ ಬಸ್ಸಿನಲ್ಲಿ ಕೂತ. ಅದು ಈಗ ಓಡುವ ಯಂತ್ರ. ಬೆಲ್ಲದ ಪಾಕದಂತೆ ಗಟ್ಟಿಯಾಗಿದ್ದ ಹಳೇ ಗ್ರೀಸನ್ನು ಬಿದಿರು ಕಡ್ಡಿಯಿಂದ ಕೆರೆದು ತೆಗೆಯಲು ನಾಲ್ಕು ದಿನ ಹಿಡಿದಿತ್ತು. ಹರಿದ ಬೆಲ್ಟಿನ ಜಾಗಕ್ಕೆ ಟೇಪ್‌ರೆಕಾರ್ಡರಿನ ಎರಡು ಬೆಲ್ಟು ಕೂಡಿಸಿದ್ದ. ಫಿಲ್ಮನ್ನು ಒಂದೊಂದೇ ಚಿತ್ರ ಕೆಳಗೆ ಎಳೆಯುವ ಉಕ್ಕಿನ ಉಗುರು ಸವೆದಿತ್ತು. ಹೊಲಿಗೆ ಯಂತ್ರದ ಸೂಜಿಯನ್ನು ಅರದಿಂದ ತಿಕ್ಕಿ ಹೊಸ ಉಗುರು ಮಾಡಿದ್ದ.

“ಕೂಸು ಮಲಗೇತೇನಪ್ಪ?” ಪಕ್ಕದ ಮುದುಕಿ ಕೌದಿ ನೋಡಿ ಕೇಳಿದಳು.

“ಹ್ಞೂಂ ಬೇ. ಎದ್ರ ಭಾಳ ಗದ್ಲಾ ಮಾಡ್ತೈತಿ.”

ಮಿಲ್ಲಿಗೆ ಅಂಟಿಕೊಂಡೇ ಇದ್ದ ಮನೆಯಲ್ಲಿ ಪಂಚಾಕ್ಷರಪ್ಪನವರ ಹೆಂಡತಿ ಅನ್ನದಾನಮ್ಮ ಒಬ್ಬರೇ ಪಡಸಾಲೆಯಲ್ಲಿ ಕೂತು, ಸೋಮವಾರಕ್ಕೆಂದು ಹೂಬತ್ತಿ ಹೊಸೆಯುತ್ತಿದ್ದರು. ಅರವತ್ತಾರರ ಹೆಂಗಸು. ಹಣೆಗೆ ವಿಭೂತಿ, ಮೂಗಿನ ತುದಿಗೆ ಕನ್ನಡಕ, ತುಟಿಯ ಮೂಲೆಯಲ್ಲಿ ಯಾವಾಗಲೂ ಒಂದು ಚೂರು ನಗೆ.

“ಬಾರಪ್ಪ ಗಾದಿಲಿಂಗಪ್ಪ. ಕುರ್ಚಿ ಮ್ಯಾಲೆ ಕುಂದರು. ಸೋಮಶೇಖರ ಮುಂಜಾನಿಂದ ಜೀಪು ತಗೊಂಡು ಹೋಗ್ಯಾನ. ಕಳ್ಳನ್ನ ಹಿಡಕೊಂಡಾ ಬರ್ತಾನಂತ.”

“ಕಳ್ಳ ಇಲ್ಲಿ ಕುಂತಾನಲ್ರಿ.”

“ನಿನ್ನಲ್ಲಪ್ಪ. ಬ್ಯಾರೆ ಯಾರನ್ನೋ. ನನಗೇನೂ ಹೇಳಿಲ್ಲ.”

ಗಾದಿಲಿಂಗಪ್ಪ ಜೋಳಿಗೆಯಿಂದ ನಾಲ್ಕನೆಯ ಡಬ್ಬಿ ತೆಗೆದು ಹೂಬತ್ತಿಯ ತಟ್ಟೆಯ ಪಕ್ಕಕ್ಕಿಟ್ಟ.

“ಲಾಡಿ ವಾಪಸ್ ತಂದೀನ್ರಿ ಅಮ್ಮಾರ.”

ಅನ್ನದಾನಮ್ಮನ ಬೆರಳು ನಿಲ್ಲಲಿಲ್ಲ. “ಯಾರ ಲಾಡಿ?”

“ಡಾಂಬರ ಗುಳಿಗಿ ಹಾಕಿದ ಟ್ರಂಕಿನ್ಯಾಗ ಇದ್ದದ್ದು.”

“ಎಲ್ಲಾರ ಟ್ರಂಕಿನ್ಯಾಗೂ ಡಾಂಬರ ಗುಳಿಗಿ ಇರ್ತಾವು.”

“ಎಲ್ಲಾರ ಕ್ಯಾಮೆರಾಕ್ಕೂ ಕಾಡಿಗಿ ಹತ್ತಿರಂಗಿಲ್ರಿ.”

ಅವನು ಪೊಟ್ಟಣ ಬಿಚ್ಚಿದ. ಈಗ ಬೆರಳು ನಿಂತವು. ಅನ್ನದಾನಮ್ಮ ಅರಳೆಯ ಉಂಡೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು, ಮೂಸಿದರು. ಬೈಗುಳ ಬರಬಹುದು, ಅಳು ಬರಬಹುದು ಎಂದು ಗಾದಿಲಿಂಗಪ್ಪ ಎರಡಕ್ಕೂ ಸಿದ್ಧನಾಗಿ ಕೂತಿದ್ದ. ಬಂದದ್ದು ನಗು.

“ನಾ ಮಾಡಿದ ಕಾಡಿಗಿ ಸುಮ್ನ ಅಳಿಸಿ ಹೋಗಂಗಿಲ್ಲ ಅಂತ ನಮ್ಮತ್ತಿ ಅಂತಿದ್ರು. ಇಪ್ಪತ್ತೊಂಬತ್ತು ವರ್ಷ ಹಿಡಕ್ಕೊಂಡು ಕುಂತಿತ್ತೇನಪ್ಪ ಇದು?”

“ರೀಲು ಎಲ್ಲೈತ್ರಿ ಅಮ್ಮಾರ? ಕೊಟ್ಟೂರಾಗ ನನ್ನ ಹೆಸರು ಚಾದಂಗಡಿ ಪಾಲಾಗೇತಿ.”

ಅವರು ಎದ್ದು ಒಳಗೆ ಹೋದರು. ಟ್ರಂಕಿನ ಚಿಲಕದ ಸದ್ದು ಕೇಳಿತು. ಬರುವಾಗ ಕೈಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ಫಿಲ್ಮಿನ ಸುರುಳಿ ಇತ್ತು.

“ಮೊದ್ಲು ತೋರಸು. ಆಮ್ಯಾಲೆ ಬೈ. ನಾ ತಗದದ್ದನ್ನ ನಾನಾ ನೋಡಿಲ್ಲ.”

*

ಪಡಸಾಲೆಯ ಪಕ್ಕದ ಉಗ್ರಾಣದಲ್ಲಿ ಶೇಂಗಾದ ಚೀಲಗಳಿದ್ದವು. ಕಿಟಕಿ ಮುಚ್ಚಿದರೆ ಹಾಡುಹಗಲಲ್ಲೂ ಕತ್ತಲು. ಅನ್ನದಾನಮ್ಮ ಒಂದು ಚೀಲದ ಮೇಲೆ ಕೂತರು. ಗಾದಿಲಿಂಗಪ್ಪ ಸುರುಳಿಯನ್ನು ಡಬ್ಬಿಯ ಖಾಲಿ ರೀಲಿಗೆ ಸುತ್ತುತ್ತ, ಫಿಲ್ಮಿನ ಅಂಚಿನ ತೂತುಗಳನ್ನು ಬೆರಳ ತುದಿಯಲ್ಲಿ ಸವರಿ ನೋಡಿದ. ಒಣಗಿರಲಿಲ್ಲ, ಕೆಟ್ಟ ಫಿಲ್ಮಿಗೆ ಬರುವ ಹುಳಿ ವಾಸನೆ ಬಂದಿರಲಿಲ್ಲ. ಸೀರೆಗಳ ನಡುವೆ ಅದು ಸುಖವಾಗಿ ಇತ್ತು.

ಸ್ವಿಚ್ಚು ಹಾಕಿದ. ಯಂತ್ರ ಕಟಕಟ ಎಂದು ಓಡಿತು. ಸುಣ್ಣದ ಗೋಡೆಯ ಮೇಲೆ ಒಂದು ದೊಡ್ಡ ಹೊಟ್ಟೆ ಮೂಡಿತು.

ಪಂಚಾಕ್ಷರಪ್ಪನವರು ಅಂಗಳದ ಹೊರಸಿನ ಮೇಲೆ ಬಾಯಿ ತೆರೆದು ಮಲಗಿದ್ದರು. ಉಸಿರಿಗೆ ತಕ್ಕಂತೆ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಆ ಹೊಟ್ಟೆಯೊಳಗಿಂದಲೇ ಎಂಬಂತೆ, ತೆಳ್ಳಗೆ ಇನ್ನೊಂದು ಚಿತ್ರ ಕಾಣುತ್ತಿತ್ತು: ಮಿಲ್ಲಿನ ಉದ್ಘಾಟನೆ. ಹಾರ ಹಾಕಿಕೊಂಡ ಗಣ್ಯರು ಸಾಲಾಗಿ ಹೊಟ್ಟೆಯ ಗುಡ್ಡ ಹತ್ತಿ ಆ ಕಡೆ ಇಳಿದರು. ರುಮಾಲು ಸುತ್ತಿದ ಹಿರಿಯರೊಬ್ಬರು ಸರಿಯಾಗಿ ಮೂಗಿನ ಮೇಲೆ ತೆಂಗಿನಕಾಯಿ ಒಡೆದರು. ಇಂಜಿನ್ನಿನ ಚಕ್ರ ಹೊಕ್ಕುಳ ಸುತ್ತ ಗರಗರ ತಿರುಗಿತು.

ಅನ್ನದಾನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಚೀಲದೊಳಗಿನ ಶೇಂಗಾ ಅವರ ನಗುವಿಗೆ ಸರಬರ ಎನ್ನುತ್ತಿತ್ತು.

“ಹೋಳಿಗಿ ಒಂಬತ್ತು ತಿಂದಿದ್ರಪ್ಪ ಅವತ್ತು. ನಾನಾ ಬಡಿಸಿದ್ದೆ.”

ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಒರೆಸಿದ ಮೇಲೂ ಕಣ್ಣು ಒದ್ದೆಯೇ ಇದ್ದವು. ಗಾದಿಲಿಂಗಪ್ಪ ಗೋಡೆ ಬಿಟ್ಟು ಅವರನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಕರೆಂಟು ಹೋಯಿತು. ಹೊಟ್ಟೆ, ಮಿಲ್ಲು, ಗಣ್ಯರು ಎಲ್ಲ ಒಟ್ಟಿಗೇ ಮಾಯವಾದವು.

ಅವನು ಕಿಟಕಿ ಚೂರು ತೆರೆದ. “ಯಜಮಾನ್ರು ತಗದ ರೀಲಿನ ಮ್ಯಾಲೆ ಮತ್ತ ತಗದೀರಿ ಅಮ್ಮಾರ.”

“ನನಗೇನು ಗೊತ್ತಪ್ಪ? ಇವರು ತಗದು ಮುಗಿಸಿದ ರೀಲಿನ ಡಬ್ಬಿಗೆ ವಿಭೂತಿ ಎಳದಿಡತಿದ್ರು, ಬೊಂಬಾಯಿಗೆ ತೊಳಿಯಾಕ ಕಳಸಬೇಕು ಅನ್ನೂ ಗುರ್ತಿಗೆ. ವಿಭೂತಿ ಇಲ್ಲದ್ದು ಹೊಸಾದು. ಆಯುಧ ಪೂಜಿ ದಿನ ನಮ್ಮತ್ತಿ ಕಾರಿಗೆ ಹಚ್ಚಿದ್ರು, ತಕ್ಕಡಿಗೆ ಹಚ್ಚಿದ್ರು, ಕ್ಯಾಮೆರಾಕ್ಕ ಹಚ್ಚಿದ್ರು. ಡಬ್ಬಿಗಳನ್ನಾದ್ರೂ ಯಾಕ ಬಿಡ್ತಾರ? ಎಲ್ಲಾದಕ್ಕೂ ಮೂರು ಮೂರು ಬಟ್ಟು. ಹೊಸಾದು ಯಾವುದು ಹಳೇದು ಯಾವುದು ಅಂತ ಆ ಶಿವನಾ ಹೇಳಬೇಕು.”

“ರೀಲು ಏರಸಾಕ ಹೆಂಗ ಬಂತ್ರಿ?”

“ಹತ್ತು ವರ್ಷ ಪಕ್ಕದಾಗ ಕುಂತು ನೋಡೀನಿ. ಬೆಳಕು ಬೀಳಬಾರದಂತ ಕೌದಿ ಹೊದ್ಕೊಂಡು ಏರಸೋರು. ನಾನೂ ಕೌದಿ ಹೊದ್ಕೊಂಡೆ. ಒಂದು ಸಲ ತಗದು ನೋಡಬೇಕು ಅನಿಸಿತ್ತು. ಊರಿನ ಮಂದಿನ್ನೆಲ್ಲಾ ಇವರು ತಗದ್ರು. ಇವರನ್ನ ತಗಿಯೋರು ಯಾರು?”

ಗಾದಿಲಿಂಗಪ್ಪನಿಗೆ ತಟ್ಟನೆ ಹೊಳೆಯಿತು. ಉಳಿದ ಆರೂ ರೀಲುಗಳನ್ನು ಅವನು ಓಡಿಸಿ ನೋಡಿದ್ದ. ಮಕ್ಕಳಿದ್ದರು, ಎತ್ತುಗಳಿದ್ದವು, ಮದುವೆಗಳಿದ್ದವು. ಪಂಚಾಕ್ಷರಪ್ಪ ಒಂದರಲ್ಲೂ ಇರಲಿಲ್ಲ. ಕ್ಯಾಮೆರಾ ಹಿಡಿದವನು ಚಿತ್ರದಲ್ಲಿ ಎಲ್ಲಿ ಬರುತ್ತಾನೆ? ಸೋಮವಾರ ಬಂಧುಬಳಗವೆಲ್ಲ ಕೂತು ಯಾರ ನೆನಪಿಗೆ ಸಿನಿಮಾ ನೋಡುವವರಿದ್ದರೋ, ಆ ಮನುಷ್ಯ ಉಸಿರಾಡುವುದು ಈ ಕೆಟ್ಟ ರೀಲಿನಲ್ಲಿ ಮಾತ್ರ.

“ಇದನ್ನಾ ತೋರಸ್ರಿ ಅಮ್ಮಾರ. ಎಲ್ಲಾರೂ ನಗತಾರ. ನಕ್ಕರೇನು?”

“ಆಗಂಗಿಲ್ಲಪ್ಪ.” ಅವರ ದನಿ ಬೇರೆಯಾಯಿತು. “ಎರ್ರೆಪ್ಪ ಅಂತ ಒಬ್ಬ ಡ್ರೈವರ್ ಇದ್ದ ನಮ್ಮನ್ಯಾಗ. ತೆಲಿಗಿಯಾಂವ. ಕಾರು ಒರಸಿದಂಗ ಕ್ಯಾಮೆರಾನೂ ಅವನಾ ಒರಸಿಡತಿದ್ದ. ರೀಲು ಬೊಂಬಾಯಿಂದ ಬಂತು, ಇವರೊಬ್ಬರಾ ಬಾಗ್ಲಾ ಹಾಕ್ಕೊಂಡು ನೋಡಿದ್ರು. ಹೊರಗ ಬಂದು, ‘ನನ್ನ ಹೊಟ್ಟಿ ನೋಡಿ ನಗಾಕ ತಗದೀಯೇನಲೇ’ ಅಂತ ಎರ್ರೆಪ್ಪನ್ನ ಅವತ್ತಾ ಬಿಡಿಸಿದ್ರು.”

“ನೀವು ಹೇಳಲಿಲ್ಲೇನ್ರಿ?”

“ನಾಳಿ ಹೇಳಿದ್ರಾತು ಅಂದ್ಕೊಂಡೆ. ಆ ನಾಳಿಗೆ ಇಪ್ಪತ್ತೊಂಬತ್ತು ವರ್ಷ ಆತು.”

ಗಾದಿಲಿಂಗಪ್ಪ ಅವರ ಎದುರಿನ ಚೀಲದ ಮೇಲೆ ಕೂತ.

“ಈ ರೀಲು ಕಂಡ್ರ ಸೋಮಶೇಖರ ಕೇಳ್ತಾನ, ಯಾರು ತಗದ್ರು ಅಂತ. ನಿಮ್ಮವ್ವ ಒಬ್ಬರ ಅನ್ನ ತಗದಾಳ ಅಂತ ಮಗನ ಮುಂದ ಹೆಂಗ ಹೇಳಲಿ? ಒಂದು ಉಪಕಾರ ಮಾಡಪ್ಪ. ಮಿಶನ್ನಿನ್ಯಾಗ ಸುಟ್ಟುಹೋತು ಅಂದುಬಿಡು.”

“ಈ ಫಿಲ್ಮು ಹಂಗ ಸುಡಂಗಿಲ್ರಿ. ಸಿಕ್ಕೊಂಡ್ರ ಒಂದು ಚಿತ್ರಕ್ಕ ಗುಳ್ಳಿ ಏಳ್ತೈತಿ, ಅಷ್ಟಾ. ಇಡೀ ರೀಲು ಸುಡಬೇಕಂದ್ರ ಒಲಿಗೆ ಹಾಕಬೇಕು.”

“ಅವನಿಗೇನು ಗೊತ್ತಾಗ್ತೈತಿ?”

“ನನಗ ಗೊತ್ತಿರ್ತೈತಲ್ರಿ.” ಅವನು ಮೆಲ್ಲಗೇ ಹೇಳಿದ. “ಆಪರೇಟರ್ ಫಿಲ್ಮು ಸುಟ್ಟ ಅಂದ್ರ, ಅಡಿಗ್ಯಾಂವ ಉಪ್ಪಿನ ಬದಲಿ ಸೋಡಾ ಹಾಕಿದಂಗ. ಆಮ್ಯಾಲೆ ಅವನ ಕೈಲೆ ಯಾರೂ ಉಣ್ಣಂಗಿಲ್ಲ. ಅವತ್ತು ಎರ್ರೆಪ್ಪ, ಇವತ್ತು ನಾನು. ಇಬ್ಬರ್ನೂ ಸಾಲಾಗಿ ನಿಂದ್ರಿಸಿ ಒಂದು ರೀಲು ತಗೀರಿ.”

ಅನ್ನದಾನಮ್ಮ ತಲೆ ಬಗ್ಗಿಸಿದರು. ತಪ್ಪು ಮಾಡಿದ ಶಾಲೆ ಹುಡುಗಿಯ ಹಾಗೆ, ಗೋಡೆಯ ಕಡೆ ಕೈ ಮಾಡಿ ಕೇಳಿದರು: “ಮುಗೀತೇನು, ಇನ್ನೂ ಐತೋ?”

“ಇನ್ನೂ ಅರ್ಧ ಐತ್ರಿ. ಈ ಕ್ಯಾಮೆರಾದಾಗ ಫಿಲ್ಮು ಒಂದು ಮಗ್ಗಲು ಓಡಿದ ಮ್ಯಾಲೆ ತಿರುವಿ ಹಾಕಿ ಇನ್ನೊಂದು ಮಗ್ಗಲು ತಗೀಬೇಕು. ಬೊಂಬಾಯಾಗ ಸೀಳಿ, ಒಂದಕ್ಕೊಂದು ಜೋಡಸಿ ಕಳಸತಾರ. ನೀವು ತಗದದ್ದು ಮೊದಲನೇ ಮಗ್ಗಲು ಅಷ್ಟಾ. ಉಳಿದದ್ದು ಯಜಮಾನ್ರದು.”

“ಅದಾ ಉದ್ಘಾಟನಿ ಇರ್ತೈತಿ ಬಿಡು.”

ಹೊರಗೆ ಜೀಪಿನ ಹಾರನ್ನು ಕೇಳಿತು.

*

ಗಾದಿಲಿಂಗಪ್ಪ ಪಡಸಾಲೆಗೆ ಬಂದ. ಅನ್ನದಾನಮ್ಮ ಉಗ್ರಾಣದಲ್ಲೇ ಉಳಿದರು. ಬಾಗಿಲು ಅರ್ಧ ಎಳೆದುಕೊಂಡರು.

ಸೋಮಶೇಖರನ ಮುಖ ಅರಳಿತ್ತು. ಬಂದವನೇ ಗಾದಿಲಿಂಗಪ್ಪನ ಎರಡೂ ಕೈ ಹಿಡಿದುಕೊಂಡ. “ಗಾದಿಲಿಂಗಪ್ಪಾರ, ತಪ್ಪಾತ್ರಿ. ನಿಮ್ಮಂಥವರ ಮ್ಯಾಲೆ ಅನುಮಾನ ಪಟ್ಟೆ. ನಾಳಿ ನಾನಾ ಕೊಟ್ಟೂರಿಗೆ ಬಂದು, ಆ ಚಾದಂಗಡ್ಯಾಗ ಎಲ್ಲಾರ ಮುಂದ ಹೇಳ್ತೀನಿ. ಕಳ್ಳ ಸಿಕ್ಕಾನ.”

ಅವನ ಹಿಂದೆ, ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು, ಒಬ್ಬ ಮುದುಕ ಒಳಗೆ ಬಂದ. ಎಪ್ಪತ್ತು ದಾಟಿದ ವಯಸ್ಸು. ಬಿಳಿ ಅಂಗಿಯ ಗುಂಡಿ ಕುತ್ತಿಗೆವರೆಗೆ ಹಾಕಿತ್ತು. ಡ್ರೈವರುಗಳಂತೆ ಒಂದು ಕೈಯಲ್ಲಿ ಕಾರು ಒರೆಸುವ ಹಳದಿ ಬಟ್ಟೆ ಮಡಚಿ ಹಿಡಿದಿದ್ದ.

“ಎರ್ರೆಪ್ಪ ಅಂತ. ಆಗ ಅಪ್ಪಾಜಿ ರೀಲು ಕೆಡಿಸಿದಾಂವ ಇವನಾ. ನಿಮಗ ಡಬ್ಬಿ ಕೊಡೂದಕ್ಕ ಎರಡು ದಿನ ಮುಂಚೆ ನಮ್ಮನಿ ಮುಂದ ಬಂದು ನಿಂತಿದ್ನಂತ. ಹಮಾಲರು ನೋಡ್ಯಾರ. ತೆಲಿಗಿಗೆ ಹೋಗಿ ಕರಕ್ಕೊಂಡು ಬಂದೆ. ದಾರಿ ತುಂಬಾ ಬಾಯಿ ಬಿಟ್ಟಿಲ್ಲ. ಈಗ ಹೇಳೋ, ರೀಲು ತಗೊಂಡೀಯೋ ಇಲ್ಲೋ?”

ಎರ್ರೆಪ್ಪ ಪಡಸಾಲೆಯನ್ನು ಒಮ್ಮೆ ನೋಡಿದ. ಹೂಬತ್ತಿಯ ತಟ್ಟೆ. ಅದರ ಪಕ್ಕದಲ್ಲಿ ಬಾಯಿ ತೆರೆದ ಡಬ್ಬಿ. ಉಗ್ರಾಣದ ಅರೆತೆರೆದ ಬಾಗಿಲು, ಅದರಾಚೆ ಕತ್ತಲಲ್ಲಿ ಮಿನುಗುವ ಪ್ರೊಜೆಕ್ಟರಿನ ತೋಳು.

“ಹೌದ್ರಿ ಸಣ್ಣ ಸಾವ್ಕಾರ್ರ,” ಅಂದ. “ನಾನಾ ತಗೊಂಡೀನಿ.”

ಉಗ್ರಾಣದೊಳಗೆ ಚೀಲ ಸರಬರ ಅಂದಿತು.

“ಕೇಳಿದ್ರೇನ್ರಿ?” ಸೋಮಶೇಖರ್ ಗೆದ್ದವನಂತೆ ನಕ್ಕ. “ತಡೀರಿ, ಮಿಲ್ಲಿನ ಆಫೀಸಿನಿಂದ ಠಾಣಿಗೆ ಫೋನ್ ಮಾಡಿ ಬರ್ತೀನಿ.”

ಗಾದಿಲಿಂಗಪ್ಪ ನಿಂತೇ ಇದ್ದ. ಅವನ ಹೆಸರು ತೊಳೆದು ಒಗೆದು ಮಡಚಿ ಕೈಗೆ ಕೊಟ್ಟಿದ್ದರು. ಇಸಿದುಕೊಂಡು ಬಸ್ಸು ಹತ್ತುವುದೊಂದೇ ಬಾಕಿ. ಮುದುಕನ ಕೈಯ ಹಳದಿ ಬಟ್ಟೆಯನ್ನು ನೋಡಿದ. ಅದಕ್ಕೆ ನಾಲ್ಕೂ ಕಡೆ ಅಂಚು ಹೊಲಿದಿತ್ತು.

“ಸೋಮಶೇಖರಪ್ಪಾರ, ನಿಂದರ್ರಿ. ಇವರು ಹೇಳೂದು ಸುಳ್ಳು. ರೀಲು...”

ಎರ್ರೆಪ್ಪನ ಕೈ ಅವನ ತೋಳನ್ನು ಹಿಡಿಯಿತು. ಆ ವಯಸ್ಸಿನ ಕೈಗೆ ಅಷ್ಟು ಬಲವಿರುತ್ತದೆ ಎಂದು ಗಾದಿಲಿಂಗಪ್ಪ ಅಂದುಕೊಂಡಿರಲಿಲ್ಲ. ಸೋಮಶೇಖರ್ ಆಗಲೇ ಹಿತ್ತಲ ಬಾಗಿಲು ದಾಟಿದ್ದ.

“ಒಳಗ ಓಡಸಿದ್ರಿ ಅಲ್ಲೇನು? ಎಲ್ಲಾ ನೋಡಿದ್ರೋ?”

“ಅರ್ಧ. ಕರೆಂಟು ಹೋತು.”

“ಶಿವಾ, ಚಲೋ ಆತು.” ಮುದುಕ ಉಸಿರು ಬಿಟ್ಟ. “ಹೊಟ್ಟಿ ತಗದದ್ದು ಅಮ್ಮಾರು ಅನ್ನೂದು ಆಗಿನಿಂದಾನೂ ನನಗ ಗೊತ್ತೈತಿ. ಸಾವ್ಕಾರ್ರಿಗೂ ಗೊತ್ತಿತ್ತು. ಅವರು ನನ್ನ ಬಿಡಿಸಿದ್ದು ಅದಕ್ಕಲ್ಲ.”

“ಮತ್ತ?”

“ರೀಲು ಕೆಟ್ಟೈತಿ ಅನ್ನೂ ನೆಪದಾಗ ಮುಚ್ಚಿಡಾಕ, ಉಳಿದರ್ಧ ಅಮ್ಮಾರು ನೋಡಬಾರದಂತ. ನೀವು ಸುಮ್ನಿರ್ರಿ. ಕಳ್ಳ ನಾನಾ ಇರ್ಲಿ. ನನಗ ರೂಢಿ ಐತಿ.”

ಪಡಸಾಲೆಯ ಫ್ಯಾನು ಮೆಲ್ಲಗೆ ತಿರುಗತೊಡಗಿತು.

ಗಾದಿಲಿಂಗಪ್ಪ ತಟ್ಟನೆ ಉಗ್ರಾಣದ ಕಡೆ ತಿರುಗಿದ. ಮೂವತ್ತೊಂದು ವರ್ಷದ ಕೆಲಸದಲ್ಲಿ ಒಂದು ಸಲವೂ ಮರೆಯದೇ ಇದ್ದದ್ದನ್ನು ಇವತ್ತು ಮರೆತಿದ್ದ: ಕರೆಂಟು ಹೋದಾಗ ಸ್ವಿಚ್ಚು ಆರಿಸಿರಲಿಲ್ಲ.

ಉಗ್ರಾಣದೊಳಗೆ ಪ್ರೊಜೆಕ್ಟರು ತಾನಾಗಿಯೇ ಕಟಕಟ ಎಂದು ಓಡುತ್ತಿತ್ತು. ಅರೆತೆರೆದ ಬಾಗಿಲಲ್ಲಿ ಬೆಳಕು ಕುಣಿಯುತ್ತಿತ್ತು. ಇಬ್ಬರೂ ಒಟ್ಟಿಗೇ ಅತ್ತ ಹೆಜ್ಜೆ ಹಾಕಿದರು, ಇಬ್ಬರೂ ಹೊಸ್ತಿಲಲ್ಲೇ ನಿಂತರು.

ಅನ್ನದಾನಮ್ಮ ಚೀಲದಿಂದ ಎದ್ದು ಗೋಡೆಯ ಹತ್ತಿರಕ್ಕೆ ಹೋಗಿ ನಿಂತಿದ್ದರು. ಚಿತ್ರ ಅವರ ಬೆನ್ನಿನ ಮೇಲೂ ಬಿದ್ದಿತ್ತು. ಅವರು ತಿರುಗಲಿಲ್ಲ. ಕೂಗಲೂ ಇಲ್ಲ. ಬತ್ತಿ ಹೊಸೆಯುವಾಗಿನ ದನಿಯಲ್ಲೇ ಕೇಳಿದರು:

“ಎರ್ರೆಪ್ಪಾ, ಇದು ನಮ್ಮ ಮಿಲ್ಲಲ್ಲ. ಎಲ್ಲಿಗೆ ಕರಕ್ಕೊಂಡು ಹೋಗಿದ್ದಿ ಇವರ್ನ?”